ಎಸ್ಟೋನಿಯಾದ 'ತಾಳಿಕೆ': ಅಲ್ಲಿ ವಾಸಿಸುವ ಹೊರಗಿನವರಿಗೆ ನಿಜಕ್ಕೂ ಕಾಣುವುದು ಏನು?

ತುಂಗಾತೀರ (ಪ್ರಶ್ನೆ)

ಎಸ್ಟೋನಿಯಾಕ್ಕೆ ಓದಲು, ಕೆಲಸ ಮಾಡಲು ಹೋಗುವ ಕನ್ನಡಿಗರಿಗಾಗಿ ಒಂದು ಸಣ್ಣ ಕೈಪಿಡಿ ತಯಾರಾಗುತ್ತಿದೆ. ವಾಸದ ಪರವಾನಗಿ, ಬಾಡಿಗೆ ಕರಾರು, ಚಳಿಗಾಲದ ಬೂಟು, ಇವೆಲ್ಲ ಬರೆದಾಗಿದೆ. ಒಂದು ಅಧ್ಯಾಯ ಮಾತ್ರ ಕೈಗೆ ಹತ್ತುತ್ತಿಲ್ಲ. ಆ ದೇಶದ ಮಾತು ಬಂದರೆ ಸಾಕು, 'ಸುಮಾರು 13.7 ಲಕ್ಷ ಜನ, ಪಕ್ಕದಲ್ಲೇ ರಷ್ಯಾ, ಅರ್ಧ ಶತಮಾನದ ಸೋವಿಯತ್ ಆಳ್ವಿಕೆ, ಆದರೂ ಹೇಗೆ ಎದ್ದು ನಿಂತಿದ್ದಾರೆ ನೋಡಿ' ಎನ್ನುತ್ತಾರೆ. ಪತ್ರಿಕೆಗಳಲ್ಲಿ 'ಹಾಡಿನ ಕ್ರಾಂತಿ'ಯ (ಜನ ಒಟ್ಟಾಗಿ ಹಾಡುತ್ತ ಸೋವಿಯತ್ ಆಳ್ವಿಕೆಯನ್ನು ವಿರೋಧಿಸಿದ ಚಳವಳಿ) ಫೋಟೊ ಹಾಕಿ ಮುಗಿಸುತ್ತಾರೆ.

ಬಲ್ಲವರು ಮೂರು ವಿಷಯ ಬಿಡಿಸಿ ಹೇಳಬೇಕು. ಈ ತಾಳಿಕೆ ಎನ್ನುವುದು ಯಾವುದರಲ್ಲಿದೆ, ಬರೀ ಮಾತೋ ಅಥವಾ ಕೈಯಲ್ಲಿ ಮುಟ್ಟಿ ತೋರಿಸುವಂಥದ್ದೋ? ಎಲ್ಲಿ ಸೋಲುತ್ತದೆ? ಟ್ಯಾಲಿನ್‌ನಲ್ಲೋ ತಾರ್ತುವಿನಲ್ಲೋ ಬಾಡಿಗೆ ಮನೆಯಲ್ಲಿರುವ ನಮ್ಮವರು ಅದರೊಳಗೆ ಸೇರಬೇಕಾದರೆ ಏನೇನು ಮಾಡಿಟ್ಟುಕೊಳ್ಳಬೇಕು? ದಯವಿಟ್ಟು ಪ್ರವಾಸಕಥನ ಬೇಡ.

ಕಡಲಂಚು

ಮೊದಲು ಪದದ ವಿಷಯ. ನಮ್ಮ 'ತಾಳಿಕೆ'ಯಲ್ಲಿ ಸಹಿಸಿಕೊಳ್ಳುವುದು ಅನ್ನುವ ಅರ್ಥ ಒಳಗೇ ಕೂತಿದೆ, ತಾಳಿದವನು ಬಾಳಿಯಾನು ಅಂತ. ಎಸ್ಟೋನಿಯಾದ ಸರ್ಕಾರಿ ಕಡತಗಳಲ್ಲಿ ಬರುವ ಪದ 'ಟೊಯ್ಮೆಪಿದೆವುಸ್'. ಕೆಲಸ ಕಡಿಯದೆ ನಡೆಯುತ್ತಿರುವುದು ಅಂತ ಅದರ ಅರ್ಥ. ಕರೆಂಟು, ನೀರು, ಮನೆಗಳಿಗೆ ಬರುವ ಬಿಸಿ, ಫೋನು, ಹಣ ಪಾವತಿ ಇಂಥವನ್ನು ಕಾನೂನು 'ಜೀವಾವಶ್ಯಕ ಸೇವೆ' ಎಂದು ಪಟ್ಟಿಮಾಡಿದೆ. ಅವನ್ನು ಒದಗಿಸುವ ಪ್ರತಿ ಸಂಸ್ಥೆಯೂ ತನ್ನದು ಕೆಟ್ಟರೆ ಮುಂದೇನು ಎಂಬುದನ್ನು ಮೊದಲೇ ಬರೆದಿಡಬೇಕು. ಎದೆಗಾರಿಕೆಗಿಂತ ಇದು ಹೆಚ್ಚಾಗಿ ಲೆಕ್ಕದ ಪುಸ್ತಕ ಬರೆಯುವ ಬುದ್ಧಿ.

ಹೊರಗಿನವರು ಅಲ್ಲಿ ಒಂದೆರಡು ಚಳಿಗಾಲ ಕಳೆದರೆ ಕಾಣುವ ಸೂತ್ರ ಒಂದೇ: ಯಾವುದಕ್ಕೂ ಎರಡನೇ ದಾರಿ ಇರಬೇಕು, ಮೊದಲನೆಯದು ಕೆಡುವ ಮುಂಚೆಯೇ. ನಾಲ್ಕು ಉದಾಹರಣೆ ಕೊಡುತ್ತೇನೆ, ಕೈಪಿಡಿಗೆ ಇವು ಸಾಕು.

1992ರ ಜೂನ್ 20. ರೂಬಲ್ ಬೆಲೆ ಕಳೆದುಕೊಳ್ಳುತ್ತಿತ್ತು, ನೋಟು ಅಚ್ಚಾಗುತ್ತಿದ್ದದ್ದು ಮಾಸ್ಕೋದಲ್ಲಿ. ರೂಬಲ್ ವಲಯ ಬಿಟ್ಟು ಮೊದಲು ಹೊರಬಂದ ಮಾಜಿ ಸೋವಿಯತ್ ದೇಶ ಇದೇ. ಒಬ್ಬರಿಗೆ 1,500 ರೂಬಲ್‌ವರೆಗೆ, 10ಕ್ಕೆ 1ರಂತೆ ತಮ್ಮದೇ ಹೊಸ ಹಣ ಕ್ರೋನ್ ಕೊಟ್ಟರು, ಅಂದರೆ 150 ಕ್ರೋನ್. 8 ಕ್ರೋನ್‌ಗೆ 1 ಜರ್ಮನ್ ಮಾರ್ಕ್ ಎಂದು ಕಟ್ಟಿಹಾಕಿದರು. 150 ಕ್ರೋನ್ 19 ಮಾರ್ಕಿಗೂ ಕಡಿಮೆ. ಅದಕ್ಕೆ ಬೆಂಬಲವಾಗಿ ನಿಂತದ್ದು ಎರಡನೇ ಮಹಾಯುದ್ಧಕ್ಕೆ ಮುಂಚೆ ಪಶ್ಚಿಮದ ಬ್ಯಾಂಕುಗಳಲ್ಲಿ ಇಟ್ಟು, ಸ್ವಾತಂತ್ರ್ಯದ ನಂತರ ಮರಳಿ ಪಡೆದ ಚಿನ್ನ. 2011ರ ಜನವರಿ 1ರಂದು ಯೂರೋ ಬರುವವರೆಗೂ ಆ ಕ್ರೋನ್ ಅಪಮೌಲ್ಯ ಆಗಲಿಲ್ಲ.

2007ರ ಏಪ್ರಿಲ್ ಕೊನೆ. ಟ್ಯಾಲಿನ್‌ನ ಮಧ್ಯದಲ್ಲಿದ್ದ ಕಂಚಿನ ಸೈನಿಕನ ಪ್ರತಿಮೆಯನ್ನು (ಸೋವಿಯತ್ ಕಾಲದ ಯುದ್ಧಸ್ಮಾರಕ) ಸೈನಿಕರ ಸ್ಮಶಾನಕ್ಕೆ ಸಾಗಿಸಿದಾಗ ಗಲಭೆಯಾಯಿತು. ಬೆನ್ನಿಗೇ ಸಂಸತ್ತು, ಪತ್ರಿಕೆ, ಬ್ಯಾಂಕುಗಳ ಜಾಲತಾಣಗಳ ಮೇಲೆ ಮೂರು ವಾರ ದಾಳಿ. ಲಕ್ಷಾಂತರ ಕೃತಕ ಕೋರಿಕೆಗಳನ್ನು ಒಟ್ಟಿಗೆ ಸುರಿದು ಸರ್ವರ್‌ಗಳನ್ನು ಕಟ್ಟಿಹಾಕುವ ದಾಳಿ ಅದು. ಉತ್ತರ ಸರಳವಾಗಿತ್ತು: ಹೊರದೇಶದಿಂದ ಬರುವ ಸಂಚಾರವನ್ನು ತಾತ್ಕಾಲಿಕವಾಗಿ ಕತ್ತರಿಸಿ, ದೇಶದೊಳಗಿನ ಬಳಕೆ ನಡೆಯುವಂತೆ ನೋಡಿಕೊಂಡರು. ಆಮೇಲೆ ಮುಖ್ಯ ದತ್ತಾಂಶದ ಒಂದು ಪ್ರತಿಯನ್ನು ಲಕ್ಸೆಂಬರ್ಗ್‌ನಲ್ಲಿ, ರಾಯಭಾರ ಕಚೇರಿಗೆ ಇರುವಂಥದೇ ರಕ್ಷಣೆಯ ಒಪ್ಪಂದ ಮಾಡಿಕೊಂಡು ಇಟ್ಟರು. ನೆಲ ಕೈತಪ್ಪಿದರೂ ಜಮೀನಿನ ದಾಖಲೆ ಉಳಿಯಬೇಕು ಎಂಬ ಯೋಚನೆ. 1940ರಲ್ಲಿ ಸೋವಿಯತ್ ಒಕ್ಕೂಟಕ್ಕೆ ದೇಶವನ್ನೇ ಕಳೆದುಕೊಂಡವರಿಗೆ ಇದು ಅತಿ ಅನ್ನಿಸುವುದಿಲ್ಲ.

2017. ಆನ್‌ಲೈನ್‌ನಲ್ಲಿ ಗುರುತು ತೋರಿಸಲು, ಸಹಿ ಹಾಕಲು ಬಳಸುವ ಗುರುತಿನ ಚೀಟಿಯ ಚಿಪ್‌ನಲ್ಲೇ ದೋಷ ಸಿಕ್ಕಿತು. 2014ರ ಅಕ್ಟೋಬರ್‌ನಿಂದ ಕೊಟ್ಟಿದ್ದ ಸುಮಾರು 7.5 ಲಕ್ಷ ಕಾರ್ಡುಗಳ ಗೂಢಕೀಲಿಯನ್ನು, ಸಾಕಷ್ಟು ಗಣಕಬಲ ಇದ್ದವರು ಲೆಕ್ಕಹಾಕಿ ತೆಗೆಯಬಹುದಿತ್ತು. ಸರ್ಕಾರ ಮುಚ್ಚಿಡಲಿಲ್ಲ, ಸೆಪ್ಟೆಂಬರ್‌ನಲ್ಲಿ ಬಹಿರಂಗಪಡಿಸಿ, ನವೆಂಬರ್ 3ರ ರಾತ್ರಿ ಆ ಕಾರ್ಡುಗಳ ಡಿಜಿಟಲ್ ಪ್ರಮಾಣಪತ್ರಗಳನ್ನು ಅಮಾನತಿನಲ್ಲಿಟ್ಟಿತು. ಕಾರ್ಡ್ ಬದಲಿಸದೆ ಮನೆಯಿಂದಲೇ ನವೀಕರಿಸುವ ಏರ್ಪಾಡು ಮಾಡಿತು. ಮೊಬೈಲ್‌-ಐಡಿ (ಫೋನಿನ ಸಿಮ್ ಮೂಲಕವೇ ಗುರುತು ತೋರಿಸುವ ವ್ಯವಸ್ಥೆ) ಇದ್ದವರ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಕಾರ್ಡ್ ಒಂದನ್ನೇ ನಂಬಿದವರು ಸಾಲಿನಲ್ಲಿ ನಿಂತರು.

2025ರ ಫೆಬ್ರುವರಿ 8. ಅಲ್ಲಿಯವರೆಗೆ ಮೂರೂ ಬಾಲ್ಟಿಕ್ ದೇಶಗಳ ವಿದ್ಯುತ್ ಜಾಲದ ಆವರ್ತನದ (ಕರೆಂಟಿನ ಮಿಡಿತದ ಲಯ) ನಿಯಂತ್ರಣ ಮಾಸ್ಕೋದಲ್ಲಿತ್ತು. ಆ ದಿನ ರಷ್ಯಾ, ಬೆಲಾರೂಸ್ ತಂತಿಗಳನ್ನು ಬಿಡಿಸಿ, ಸುಮಾರು ಒಂದು ದಿನ ಮೂವರೇ ದ್ವೀಪದಂತೆ ನಡೆಸಿ, ಮರುದಿನ ಲಿಥುವೇನಿಯಾ-ಪೋಲೆಂಡ್ ಮಾರ್ಗದಲ್ಲಿ ಐರೋಪ್ಯ ಜಾಲಕ್ಕೆ ಸೇರಿಕೊಂಡರು. ಆವರ್ತನ ಕುಸಿಯದಂತೆ ಹಿಡಿಯಲು ಭಾರೀ ತಿರುಗುಚಕ್ರದ ಯಂತ್ರಗಳನ್ನು ಮೊದಲೇ ಕೂರಿಸಿದ್ದರು, ಎಸ್ಟೋನಿಯಾದಲ್ಲಿ ಮೂರು. ಇದಕ್ಕೆ ಆರು ವಾರ ಮುಂಚೆ, 2024ರ ಡಿಸೆಂಬರ್ 25ರಂದು, ಫಿನ್ಲೆಂಡಿನಿಂದ ಬರುವ 650 ಮೆಗಾವಾಟ್‌ನ ಎಸ್ಟ್‌ಲಿಂಕ್-2 ಕೇಬಲ್ ಸಮುದ್ರದಡಿ ತುಂಡಾಗಿತ್ತು. ಆದರೂ ತಾರೀಖು ಮುಂದೆ ಹಾಕಲಿಲ್ಲ. ಆ ಶನಿವಾರಕ್ಕೆ ಮುಂಚಿನ ದಿನಗಳಲ್ಲಿ ಅಂಗಡಿಯಲ್ಲಿ ಟಾರ್ಚು, ಜನರೇಟರ್ ಒಂದಿಷ್ಟು ಹೆಚ್ಚು ಮಾರಾಟವಾಯಿತು, ಅಷ್ಟೆ. ದೀಪ ಮಿನುಗಲೂ ಇಲ್ಲ.

ಜೋಳದರೊಟ್ಟಿ

ಕಡಲಂಚು ಅವರು ಹೇಳಿದ್ದು ಖರೆ, ಆದ್ರ ಅರ್ಧ ಖರೆ. ಯಂತ್ರದ ತಾಳಿಕಿ ಹೇಳಿದ್ರಿ, ಅದರ ಬಿಲ್ ಯಾರು ಕಟ್ಟಿದ್ರು ಅನ್ನೋದನ್ನೂ ಕೈಪಿಡಿಯಾಗ ಹಾಕ್ರಿ.

2009ರಲ್ಲಿ ಅಲ್ಲಿನ ಆರ್ಥಿಕತೆ ಒಂದೇ ವರ್ಷದಲ್ಲಿ ಸುಮಾರು ಶೇ 14ರಷ್ಟು ಕುಗ್ಗಿತು. 2010ರ ಮೊದಲ ಮೂರು ತಿಂಗಳಲ್ಲಿ ನಿರುದ್ಯೋಗ ಶೇ 20ರ ಹತ್ತಿರ. ಹಣದ ಬೆಲೆ ಇಳಿಸಲಿಲ್ಲ, ಬದಲಿಗೆ ಸಂಬಳ ಇಳಿಸಿದರು, ಸರ್ಕಾರಿ ಖರ್ಚು ಕತ್ತರಿಸಿದರು. ಅದೇ ಕಾಲಕ್ಕೆ ಗ್ರೀಸಿನಲ್ಲಿ ಬೀದಿ ಹೊತ್ತಿ ಉರಿಯಿತು, ಎಸ್ಟೋನಿಯಾದಲ್ಲಿ ಹೆಚ್ಚುಕಡಿಮೆ ಮೌನ. ಆ ಮೌನವನ್ನೇ ತಾಳಿಕೆ ಅಂತ ಹೊರಗಿನ ಪತ್ರಿಕೆಗಳು ಹೊಗಳಿದವು. ಎದುರು ಮಾತಾಡುವ ಬದಲು ಜನ ಹಡಗು ಹತ್ತಿದರು ನೋಡ್ರಿ. ಟ್ಯಾಲಿನ್‌ನಿಂದ ಹೆಲ್ಸಿಂಕಿಗೆ ಸಮುದ್ರದಲ್ಲಿ ಸುಮಾರು 80 ಕಿ.ಮೀ., ಎರಡು ತಾಸಿನ ದಾರಿ. ಕಟ್ಟಡ ಕೆಲಸದವರು, ಬಸ್ ಚಾಲಕರು, ವೈದ್ಯರು ಸೋಮವಾರ ಹೋಗಿ ಶುಕ್ರವಾರ ಬರುವ ಬದುಕು ಹಿಡಿದರು. 1989ರ ಜನಗಣತಿಯಲ್ಲಿ 15.65 ಲಕ್ಷ ಇದ್ದ ಜನ 2011ರಲ್ಲಿ 12.94 ಲಕ್ಷ. ತೊಂಬತ್ತರ ದಶಕದಲ್ಲಿ ರಷ್ಯಾಕ್ಕೆ ಮರಳಿದವರೂ ಇದರಲ್ಲಿ ಸೇರಿದ್ದಾರೆ, ಆದರೂ ಇಳಿತ ಇಳಿತವೇ.

2022ರ ಆಗಸ್ಟ್‌ನಲ್ಲಿ ಹಣದುಬ್ಬರ ಶೇ 25 ಮುಟ್ಟಿತು, ಯೂರೋ ವಲಯದಲ್ಲೇ ಎಲ್ಲರಿಗಿಂತ ಮೇಲೆ. ಅಂಗಡಿ ಬಿಲ್ಲಿನ ಮೇಲಿನ ಮೌಲ್ಯವರ್ಧಿತ ತೆರಿಗೆ ಶೇ 20 ಇದ್ದದ್ದು 2024ರಲ್ಲಿ 22, 2025ರ ಜುಲೈನಲ್ಲಿ 24. ರಕ್ಷಣೆಗೆ ದೇಶದ ಉತ್ಪನ್ನದ ಶೇ 5ಕ್ಕಿಂತ ಹೆಚ್ಚು ಇಡುವ ತೀರ್ಮಾನದ ಹಿಂದೆ ಈ ದುಡ್ಡೂ ಇದೆ. ವಿದ್ಯಾರ್ಥಿ ಬಜೆಟ್ ಹಾಕುವವರು ಮೂರು ವರ್ಷ ಹಳೆಯ ಬ್ಲಾಗ್ ನೋಡಿ ಲೆಕ್ಕ ಹಾಕಬೇಡಿ. ಒಬ್ಬರೇ ಇರುವ ಮುದುಕರ ಬಡತನದಲ್ಲಿ ಈ ದೇಶ ಐರೋಪ್ಯ ಒಕ್ಕೂಟದ ಕೆಟ್ಟ ಸಾಲಿನಲ್ಲಿದೆ. ಅದನ್ನು ಯಾವ ಡಿಜಿಟಲ್ ಕಾರ್ಡೂ ಮುಚ್ಚಲ್ಲ.

ಇನ್ನು ದೊಡ್ಡ ಬಿರುಕು ಭಾಷೆಯದು. ಜನಸಂಖ್ಯೆಯ ಕಾಲುಭಾಗಕ್ಕಿಂತ ಹೆಚ್ಚು ಜನರ ಮನೆಮಾತು ರಷ್ಯನ್. ಗಡಿಯ ನಾರ್ವಾ ಊರಿನಲ್ಲಿ ಶೇ 90ಕ್ಕೂ ಮೇಲೆ. 2024ರಿಂದ ಶಾಲೆಗಳನ್ನು ಹಂತಹಂತವಾಗಿ ಪೂರ್ತಿ ಎಸ್ಟೋನಿಯನ್ ಮಾಧ್ಯಮಕ್ಕೆ ತರುತ್ತಿದ್ದಾರೆ. ಬಹುಸಂಖ್ಯಾತರಿಗೆ ಇದು ದೇಶ ಗಟ್ಟಿಮಾಡುವ ಕೆಲಸ. ಶಿಕ್ಷಕರೇ ಸಿಗದ ನಾರ್ವಾದ ಮನೆಗಳಿಗೆ ಇದು ಮಕ್ಕಳ ಗಣಿತದ ಅಂಕದ ಪ್ರಶ್ನೆ. 1949ರ ಮಾರ್ಚ್‌ನಲ್ಲಿ ಸೋವಿಯತ್ ಆಡಳಿತ ನಾಲ್ಕೇ ದಿನದಲ್ಲಿ ಎಸ್ಟೋನಿಯಾದ 20,000ಕ್ಕೂ ಹೆಚ್ಚು ಜನರನ್ನು ಸೈಬೀರಿಯಕ್ಕೆ ಸಾಗಿಸಿತ್ತು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಅದನ್ನು ತಿಳಿಯದೆ ಎಸ್ಟೋನಿಯನ್ನರ ಭಾಷೆಯ ಹಟ ಅರ್ಥವಾಗಲ್ಲ. ಹಂಗಂತ ನಾರ್ವಾದ ಎಂಟು ವರ್ಷದ ಹುಡುಗಿಗೆ ಆ ಲೆಕ್ಕ ಹಚ್ಚಿದರೆ ನ್ಯಾಯ ಆಗತೈತೇನು?

ನಮ್ಮವರಿಗೆ ನೇರವಾಗಿ ತಾಗಿದ್ದು ಒಂದಿದೆ. ದೀರ್ಘಾವಧಿ ವಾಸದ ಪರವಾನಗಿ ಇದ್ದ ಭಾರತೀಯರು ಮೊದಲು ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದಿತ್ತು. 2025ರ ಮಾರ್ಚ್‌ನಲ್ಲಿ ಸಂವಿಧಾನ ತಿದ್ದಿ, ಐರೋಪ್ಯ ಒಕ್ಕೂಟದ ಹೊರಗಿನ ಪ್ರಜೆಗಳಿಂದ ಅದನ್ನು ತೆಗೆದರು. ಗುರಿ ಇಟ್ಟದ್ದು ರಷ್ಯಾ, ಬೆಲಾರೂಸ್ ಪ್ರಜೆಗಳ ಮೇಲೆ. ಭಾರತೀಯರ ಮತ ಜೊತೆಗೇ ಹೋಯಿತು. ಪೌರತ್ವ ಬೇಕೆಂದರೆ ಎಂಟು ವರ್ಷದ ವಾಸ, ಬಿ-1 ಮಟ್ಟದ (ದಿನಬಳಕೆಗೆ ಸಾಲುವ ನಡುಮಟ್ಟದ) ಭಾಷಾ ಪರೀಕ್ಷೆ, ಸಂವಿಧಾನದ ಪರೀಕ್ಷೆ, ಮತ್ತು ಭಾರತದ ಪಾಸ್‌ಪೋರ್ಟ್ ಬಿಡಬೇಕು.

ಕೊಡಿಯಾಲ

ಮೇಲಿನವರಿಬ್ಬರ ಚರ್ಚೆ ಒಳ್ಳೆಯದುಂಟು. ತುಂಗಾತೀರ, ನಿಮ್ಮ ಮೂರನೇ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲವಲ್ಲ ಮಾರಾಯ್ರೆ.

ನಮ್ಮವರು ಹೆಚ್ಚಾಗಿ ಇರುವುದು ಟ್ಯಾಲಿನ್‌ನ ಮುಸ್ತಮ್ಯಾಯೆ, ಲಾಸ್ನಮ್ಯಾಯೆ ಕಡೆಯ ಸೋವಿಯತ್ ಕಾಲದ ಕಾಂಕ್ರೀಟ್ ಹಲಗೆಯ ಕಟ್ಟಡಗಳಲ್ಲಿ. ಬಿಸಿ ಬರುವುದು ಊರಿಗೆಲ್ಲ ಒಂದೇ ಕೊಳವೆ ಜಾಲದಿಂದ. ಇಲ್ಲಿ ಜನ ತಪ್ಪು ತಿಳಿಯುವುದು ಒಂದುಂಟು: 'ಹೀಟರ್ ಕರೆಂಟಿನದ್ದಲ್ಲ, ಕರೆಂಟು ಹೋದರೂ ಬಿಸಿ ಇರುತ್ತದೆ' ಎಂದು. ಇರುವುದಿಲ್ಲ. ಊರಿನ ಬಿಸಿನೀರನ್ನು ಕಟ್ಟಡದೊಳಗೆ ತಿರುಗಿಸುವುದು ನೆಲಮಾಳಿಗೆಯ 'ಸೋಯುಸ್‌ಸೋಲ್ಮ್' ಎಂಬ ಶಾಖ ಘಟಕದ ಪಂಪು, ಅದಕ್ಕೆ ಕರೆಂಟು ಬೇಕು. ಪಂಪು ನಿಂತರೆ ರೇಡಿಯೇಟರ್ ತಣ್ಣಗಾಗುತ್ತದೆ. ಹೊರಗೆ ಮೈನಸ್ 15 ಇದ್ದಾಗ ಹೊದಿಕೆ ಹಾಕಿ ನವೀಕರಿಸಿದ ಕಟ್ಟಡ ನಿಧಾನಕ್ಕೆ ತಣಿಯುತ್ತದೆ, ಹಳೆಯದು ಬೇಗ. ಮೇಲಿನ ಮಹಡಿಗಳಿಗೆ ನೀರು ಏರಿಸುವ ಪಂಪೂ ನಿಲ್ಲುತ್ತದೆ. ಲಿಫ್ಟ್ ಹೇಳಬೇಕಾಗಿಲ್ಲ. ಬೀದಿ ಬಾಗಿಲಿನ ಎಲೆಕ್ಟ್ರಾನಿಕ್ ಬೀಗ ಕೆಲವು ಕಡೆ ತೆರೆದೇ ಉಳಿಯುತ್ತದೆ, ಕೆಲವು ಕಡೆ ಲೋಹದ ಕೀಲಿ ಬೇಕು.

ಇದನ್ನೆಲ್ಲ ಕೇಳಬೇಕಾದ ಜಾಗ 'ಕೊರ್ತೆರಿಯುಹಿಸ್ತು', ಅಂದರೆ ಕಟ್ಟಡದ ಮಾಲೀಕರ ಸಂಘ. 2018ರಿಂದ ಫ್ಲಾಟುಗಳಾಗಿ ಹಂಚಿದ ಪ್ರತಿ ಕಟ್ಟಡಕ್ಕೂ ಕಾನೂನುಪ್ರಕಾರ ಒಂದು ಇದ್ದೇ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ದೇಶದ ನಿಜವಾದ ತಾಳಿಕೆ ಕೂತಿರುವುದು ಇಲ್ಲಿ, ಸೈನ್ಯದಲ್ಲಲ್ಲ. ಚಾವಣಿ ಯಾವಾಗ ರಿಪೇರಿ, ಸಾಲ ಎಷ್ಟು, ನೆಲಮಾಳಿಗೆ ಖಾಲಿ ಮಾಡುವುದು ಯಾರು ಎಂದು ಜಗಳವಾಡಿಯೇ ಒಟ್ಟಿಗೆ ಕೆಲಸ ಮಾಡಲು ಕಲಿತಿದ್ದಾರೆ. ವಸಂತದಲ್ಲಿ 'ತಾಲ್ಗುದ್' ನಡೆಯುತ್ತದೆ. ನಮ್ಮ ಮುಯ್ಯಾಳು ಪದ್ಧತಿಯ ಹಾಗೆ ಎಲ್ಲರೂ ಸೇರಿ ಅಂಗಳ ಗುಡಿಸಿ, ಕೊನೆಗೆ ಒಟ್ಟಿಗೆ ಸೂಪು ಕುಡಿಯುವುದು. ಇದೇ ಅಭ್ಯಾಸವನ್ನು ದೊಡ್ಡದು ಮಾಡಿ 2008ರ ಮೇ 3ರಂದು ಸುಮಾರು 50,000 ಜನ ಒಂದೇ ದಿನ ಕಾಡುಗಳಿಂದ 10,000 ಟನ್ ಕಸ ಎತ್ತಿದರು. ಬಾಡಿಗೆದಾರ ಸಂಘದ ಸದಸ್ಯನಲ್ಲ, ಮಾಲೀಕ ಮಾತ್ರ ಸದಸ್ಯ. ಆದರೆ ತಾಲ್ಗುದ್‌ಗೆ ಪೊರಕೆ ಹಿಡಿದು ಇಳಿಯಲು ಯಾರೂ ಬೇಡ ಎನ್ನುವುದಿಲ್ಲ. ನೆಲಮಾಳಿಗೆಯ ಕೀಲಿ ಯಾರಲ್ಲಿದೆ, ನೀರಿನ ಮುಖ್ಯ ವಾಲ್ವ್ ಎಲ್ಲಿ, ಶಾಖ ಘಟಕಕ್ಕೆ ಜನರೇಟರ್ ಸಿಕ್ಕಿಸುವ ಸಾಕೆಟ್ ಉಂಟೋ ಎಂದು ಅವತ್ತು ಕೇಳಿದರೆ ಉತ್ತರ ಸಿಗುತ್ತದೆ. ಇಮೇಲ್ ಹಾಕಿದರೆ ಸಿಗುವುದು ಕಷ್ಟ.

ಮನೆಯ ದಾಸ್ತಾನು. ಸರ್ಕಾರದ ಸಲಹೆ, ಪ್ರತಿ ಮನೆಯೂ ಒಂದು ವಾರ ಹೊರಗಿನ ನೆರವಿಲ್ಲದೆ ಇರುವಂತಿರಬೇಕು.

ನೀರು: ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 3 ಲೀಟರ್ ಹಿಡಿಯಿರಿ, ವಾರಕ್ಕೆ 21. ಅಂಗಡಿಯ 5 ಲೀಟರ್ ಕ್ಯಾನ್ ನಾಲ್ಕು, ಮೇಲೊಂದು ಬಾಟಲಿ. ಬಾಲ್ಕನಿಯಲ್ಲಿ ಇಡಬೇಡಿ, ಹೆಪ್ಪುಗಟ್ಟಿ ಒಡೆಯುತ್ತದೆ.

ಆಹಾರ: ಹತ್ತು ಕೆಜಿ ಅಕ್ಕಿ, ಐದು ಕೆಜಿ ಬೇಳೆ ಇಟ್ಟು ಧೈರ್ಯವಾಗಿ ಕೂರುವುದು ನಮ್ಮವರ ದೊಡ್ಡ ತಪ್ಪು. ಬೇಯಿಸಲು ಹೆಚ್ಚಿನ ಕಡೆ ಇರುವುದು ಕರೆಂಟ್ ಒಲೆ, ಬೇಳೆಗೆ ನೀರೂ ಬೆಂಕಿಯೂ ಹೆಚ್ಚು ಬೇಕು. ತೆಳು ಅವಲಕ್ಕಿ ಒಂದೂವರೆ ಕೆಜಿ, ಶೇಂಗಾ ಅರ್ಧ ಕೆಜಿ, ಬೆಲ್ಲ ಅರ್ಧ ಕೆಜಿ, ಚಟ್ನಿಪುಡಿ. ಜೊತೆಗೆ ಅಲ್ಲಿಯದೇ 'ಕಾಮಾ' ಒಂದು ಕೆಜಿ. ಅದು ರೈ, ಓಟ್ಸ್, ಬಾರ್ಲಿ, ಬಟಾಣಿ ಹುರಿದು ಬೀಸಿದ ಹಿಟ್ಟು. ಹುಳಿ ಹಾಲಿನಲ್ಲಿ ಕಲಸಿ ತಿನ್ನುತ್ತಾರೆ. ನಮ್ಮ ಹುರಿಹಿಟ್ಟಿನ ಸೋದರಸಂಬಂಧಿ ಎನ್ನಿ. ಇಷ್ಟಕ್ಕೆ ಸುಮಾರು 13,500 ಕ್ಯಾಲೊರಿ ಆಗುತ್ತದೆ, ಒಬ್ಬರಿಗೆ ವಾರಕ್ಕೆ ಹೆಚ್ಚುಕಡಿಮೆ ಸಾಕು, ಒಲೆ ಹಚ್ಚುವುದೇ ಬೇಡ. ಡಬ್ಬಿಯ ಕಾಳು ತಂದರೆ ಕೈಯಲ್ಲಿ ತಿರುಗಿಸುವ ಡಬ್ಬಿ ಕತ್ತಿಯೂ ತನ್ನಿ.

ಕ್ಯಾಂಪಿಂಗ್ ಗ್ಯಾಸ್ ಒಲೆ ಇಡುವವರು ಕಿಟಕಿ ತೆರೆದೇ ಹಚ್ಚಿ. ಚಳಿ ಎಂದು ಎಲ್ಲ ಮುಚ್ಚಿ, ಬಿಸಿಗಾಗಿ ಅದನ್ನೇ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಹೊಗೆ ಸಂವೇದಕ 2009ರಿಂದಲೇ ಪ್ರತಿ ಮನೆಗೆ ಕಡ್ಡಾಯ. ಬಾಡಿಗೆ ಮನೆಗೆ ಕಾಲಿಟ್ಟ ದಿನವೇ ಗುಂಡಿ ಒತ್ತಿ ನೋಡಿ.

ಶೌಚಾಲಯ: ಬಕೆಟಿಗೆ ದಪ್ಪ ಪ್ಲಾಸ್ಟಿಕ್ ಚೀಲ, ಬೆಕ್ಕಿನ ಮರಳು ಒಂದು ಚೀಲ. ಯಾರೂ ಬರೆಯುವುದಿಲ್ಲ, ಎರಡನೇ ದಿನ ಎಲ್ಲರಿಗೂ ಬೇಕಾಗುತ್ತದೆ.

ಹಣ: ಅಲ್ಲಿ ಬಸ್ಸಿನಿಂದ ಸಂತೆಯವರೆಗೆ ಕಾರ್ಡ್. ಜಾಲ ಬಿದ್ದರೆ 5, 10, 20ರ ನೋಟುಗಳೇ ಗತಿ. 100ರ ನೋಟಿಗೆ ಚಿಲ್ಲರೆ ಸಿಗುವುದಿಲ್ಲ.

ತುಂಗಾತೀರ

ಇಂಥದ್ದೇ ಬೇಕಿತ್ತು, ಮೂವರಿಗೂ ವಂದನೆ. ಇನ್ನೆರಡು ಅನುಮಾನ. ಎಚ್ಚರಿಕೆ ಬಂದರೆ ಭಾಷೆ ಬಾರದವರಿಗೆ ಹೇಗೆ ತಿಳಿಯುತ್ತದೆ? 'ಇ-ರೆಸಿಡೆನ್ಸಿ' ಇದ್ದರೆ ಇದೆಲ್ಲ ಅನ್ವಯಿಸುತ್ತದೆಯೇ ಎಂದು ಹಲವರು ಕೇಳುತ್ತಿದ್ದಾರೆ.

ಕಡಲಂಚು

ಎರಡನೆಯದು ಮೊದಲು. 2014ರಲ್ಲಿ ಶುರುವಾದ ಇ-ರೆಸಿಡೆನ್ಸಿ ಕಂಪನಿ ನಡೆಸಲು, ಡಿಜಿಟಲ್ ಸಹಿ ಹಾಕಲು ಕೊಡುವ ಕಾರ್ಡ್. ಅದರಿಂದ ದೇಶದೊಳಗೆ ಬರುವ ಹಕ್ಕೂ ಇಲ್ಲ, ಇರುವ ಹಕ್ಕೂ ಇಲ್ಲ. ಅದರ ಮೇಲೆ ಫೋಟೊ ಕೂಡ ಇರುವುದಿಲ್ಲ. ವಾಸದ ಪರವಾನಗಿ ಬೇರೆಯೇ. ಅದು ಸಿಕ್ಕಿ ಬಂದಿಳಿದ ಮೇಲೆ ಒಂದು ತಿಂಗಳೊಳಗೆ ವಿಳಾಸವನ್ನು ಜನಸಂಖ್ಯಾ ನೋಂದಣಿಯಲ್ಲಿ ಬರೆಸಬೇಕು. ಮಾಲೀಕ 'ನೋಂದಣಿ ಬೇಡ' ಎಂದರೆ ಆ ಮನೆಯೇ ಬೇಡ.

ಎಚ್ಚರಿಕೆಗೆ 'ಇಇ-ಅಲಾರ್ಮ್' ಎಂಬ ವ್ಯವಸ್ಥೆ ಇದೆ. ಅಪಾಯದ ಪ್ರದೇಶದಲ್ಲಿರುವ ಫೋನುಗಳಿಗೆ ಸಂದೇಶ ಹೋಗುತ್ತದೆ. ಅದು ನೋಡುವುದು ಫೋನ್ ಎಲ್ಲಿದೆ ಎಂಬುದನ್ನು, ನೋಂದಾಯಿತ ವಿಳಾಸವನ್ನಲ್ಲ. ದೊಡ್ಡ ಊರುಗಳಲ್ಲಿ ಸೈರನ್ ಕೂಡ ಇದೆ. ಸೈರನ್ ಕೇಳಿದರೆ ಹೊರಗೆ ಇಣುಕಬೇಡಿ. ಒಳಗೆ ಹೋಗಿ, ಕಿಟಕಿ ಮುಚ್ಚಿ, ಗಾಜಿನಿಂದ ದೂರ ಇದ್ದು ಸುದ್ದಿ ನೋಡಿ. ಕಿತ್ತಳೆ ಹಿನ್ನೆಲೆಯ ನೀಲಿ ತ್ರಿಕೋನದ ಫಲಕ ಸಾರ್ವಜನಿಕ ಆಶ್ರಯದ ಗುರುತು. ಹೆಚ್ಚಿನವು ವಾಹನ ನಿಲುಗಡೆ, ನೆಲಮಾಳಿಗೆಗಳು. ಶೀತಲ ಸಮರದ ಬಂಕರ್ ನಿರೀಕ್ಷಿಸಬೇಡಿ.

'ಒಲೆ ವಾಲ್ಮಿಸ್' (ಸಿದ್ಧನಿರು ಎಂದರ್ಥ) ಆ್ಯಪ್ ಇವತ್ತೇ ಹಾಕಿಕೊಳ್ಳಿ. ಮಹಿಳೆಯರ ಸ್ವಯಂಸೇವಾ ರಕ್ಷಣಾ ಸಂಘಟನೆ ಮಾಡಿದ್ದು, ಇಂಗ್ಲಿಷ್‌ನಲ್ಲೂ ಇದೆ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓದಬಹುದು. ತುರ್ತಿಗೆ 112. ತುರ್ತಲ್ಲದ ಮಾಹಿತಿಗೆ 1247, ಅಲ್ಲೂ ಇಂಗ್ಲಿಷ್ ನಡೆಯುತ್ತದೆ. ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಲು 112ಕ್ಕೆ ಮಾಡಬಾರದು.

ಸೋಲುವ ಜಾಗ ಇಲ್ಲೇ ಇದೆ. 2019ರ ಅಕ್ಟೋಬರ್ 27ರ ಬಿರುಗಾಳಿಗೆ ಆಗ್ನೇಯದ ವೊರು ಪ್ರಾಂತ್ಯದಲ್ಲಿ ಮರ ಬಿದ್ದು ಕರೆಂಟು ಹೋಯಿತು, ಕೆಲವು ಕಡೆ ದಿನಗಟ್ಟಲೆ ಬರಲಿಲ್ಲ. ಮೊಬೈಲ್ ಗೋಪುರದ ಬ್ಯಾಟರಿ ನಡೆಯುವುದು ಕೆಲವೇ ಗಂಟೆ, ಆಮೇಲೆ ಫೋನೂ ಮೌನ. ಹಳ್ಳಿಯವರು ಪಾರಾದದ್ದು ಸೌದೆ ಒಲೆ, ಬಾವಿ, ನೆಲಮಾಳಿಗೆಯ ಉಪ್ಪಿನಕಾಯಿ ಜಾಡಿಗಳಿಂದ. ಅಂಥ ಹೊತ್ತಿಗೆ ಉಳಿಯುವುದು ಬ್ಯಾಟರಿ ರೇಡಿಯೊ, ಅದು ಮಾತಾಡುವುದು ಮುಖ್ಯವಾಗಿ ಎಸ್ಟೋನಿಯನ್, ರಷ್ಯನ್. ಅದಕ್ಕೇ ಭಾಷೆ ಕಲಿಯಿರಿ ಎಂದು ಹೇಳುವುದು. ಬಿ-1 ಪರೀಕ್ಷೆಗೆ ಮಾತ್ರ ಅಲ್ಲ. ವೆಸಿ ಅಂದರೆ ನೀರು, ಎಲೆಕ್ಟರ್ ಅಂದರೆ ಕರೆಂಟು, ಒಹ್ತ್ ಅಂದರೆ ಅಪಾಯ, ವಾರ್ಯುಗೆ ಅಂದರೆ ಆಶ್ರಯ ಪಡೆಯಿರಿ. ಈ ನಾಲ್ಕನ್ನು ಫ್ರಿಜ್ ಮೇಲೆ ಅಂಟಿಸಿ.

ಜೋಳದರೊಟ್ಟಿ

ಒಂದು ಸೇರಿಸ್ತೀನ್ರಿ. ಕಾರ್ಡಿನ ಜೊತೆ ಮೊಬೈಲ್‌-ಐಡಿಯನ್ನೂ ಮಾಡಿಸಿಕೊಳ್ಳಿ. ಅದಕ್ಕೆ ಮೊಬೈಲ್ ಕಂಪನಿಯಿಂದ ಬೇರೆ ಸಿಮ್ ತೊಗೋಬೇಕು. ಪಿನ್-1 ಒಳಹೋಗಲು, ಪಿನ್-2 ಸಹಿಗೆ. ಮೂರು ಸಲ ತಪ್ಪಿದರೆ ಬಂದ್, ಆಗ ಬಂದ್ ಬಿಡಿಸುವ ಪಿಯುಕೆ ಸಂಖ್ಯೆ ಬೇಕು. ಈ ಸಂಖ್ಯೆಗಳಿರುವ ಲಕೋಟೆಯನ್ನು ಕಾರ್ಡಿನ ಜೊತೆ ಒಂದೇ ಪಾಕೀಟಿನಾಗ ಇಡೋದು ನಮ್ಮವರ ಚಟ. ಬ್ಯಾರೆ ಇಡ್ರಿ. ಟ್ಯಾಲಿನ್‌ನಲ್ಲಿ ಈಗ ಭಾರತದ ರಾಯಭಾರ ಕಚೇರಿಯೇ ಇದೆ, ಹೆಲ್ಸಿಂಕಿಗೆ ಓಡಬೇಕಿಲ್ಲ. ಹೆಸರು, ಫೋನ್ ನಂಬರ್ ಅಲ್ಲಿ ಬರೆಸಿ.

ಕೊಡಿಯಾಲ

ಪವರ್‌ಬ್ಯಾಂಕ್ ಹೇಳಲು ಮರೆತೆ. 20,000 ಎಂಎಎಚ್‌ನದ್ದು ಸಾಮಾನ್ಯ ಫೋನನ್ನು ಮೂರು ಸಲದ ಹತ್ತಿರ ತುಂಬಿಸುತ್ತದೆ, ಬರೆದ ಅಂಕಿ ನೋಡಿ ಐದು ಎಂದು ಲೆಕ್ಕ ಹಾಕಬೇಡಿ. ಚಳಿಯಲ್ಲಿ ಇನ್ನೂ ಕಡಿಮೆ; ರಾತ್ರಿ ಹೊದಿಕೆಯೊಳಗೆ ಇಟ್ಟುಕೊಳ್ಳಿ. ಮೇಣದಬತ್ತಿಗಿಂತ ತಲೆಗೆ ಕಟ್ಟುವ ಟಾರ್ಚ್ ಮೇಲು, ಎರಡೂ ಕೈ ಖಾಲಿ ಇರುತ್ತವೆ. ಮತ್ತೆ ಅವಲಕ್ಕಿ ವರ್ಷಕ್ಕೊಮ್ಮೆ ಬದಲಿಸಿ, ಶೇಂಗಾ ಆರು ತಿಂಗಳಿಗೆ ಕಮಟು ವಾಸನೆ ಬರುತ್ತದೆ.